ಬಿಳಿಯಾಗಿಯೇ ಉಳಿದ ಬಟ್ಟೆ

ಮಗಳು ಚಿಕ್ಕವಳಿದ್ದಾಗ ಒಂದು ಮಾತು ಕೊಟ್ಟಿದ್ದೆ: "ನಿನ್ನ ಮುಖದ ಬಣ್ಣ ನಾನೇ ಒರೆಸ್ತೀನಿ, ಬೇರೆ ಯಾರಿಗೂ ಮುಟ್ಟೋಕೆ ಬಿಡಲ್ಲ." ಒಮ್ಮೆ ಶೂಟಿಂಗ್ ಮುಗಿದ ಮೇಲೆ ಯಾವಳೋ ಸಹಾಯಕಿ ಒರಟಾಗಿ ಉಜ್ಜಿ, ಕಣ್ಣಿಗೆ ಎಣ್ಣೆ ಹೋಗಿ, ಮಗು ರಾತ್ರಿಯೆಲ್ಲ ಅತ್ತಿತ್ತು. ಅಂದಿನಿಂದ ಒರೆಸಿದ ಮೇಲೆ ಅವಳ ರೆಪ್ಪೆಗಳಿಗೆ ಮೆಲ್ಲಗೆ ಊದುವುದು ನನ್ನ ಅಭ್ಯಾಸ.

ಸಿನಿಮಾದವರಿಗೆ ಬಣ್ಣ ಹಚ್ಚುವುದು ನನ್ನ ಕೆಲಸ. ಈ ಸಲದ್ದು, ವೈರಸ್ ಬಂದು ಸತ್ತವರೆಲ್ಲ ಎದ್ದು ಓಡಾಡುವ ಕಥೆ. ಮುಚ್ಚಿಹೋದ ಕಾರ್ಖಾನೆಯೊಂದರಲ್ಲಿ ಶೂಟಿಂಗ್. ಹೆಣವಾಗೋಕೆ ಮಕ್ಕಳು ಸಾಲದೆ, ನನ್ನ ಮಗಳಿಗೂ ಬೂದು ಬಣ್ಣ ಬಳಿದೆ.

ಸಂಜೆ ಪ್ಯಾಕಪ್ ಆಯಿತು. ಅವಳು ಬಂದು ನನ್ನ ಕುರ್ಚಿಯಲ್ಲಿ ಕೂತಳು.

"ಏನೇ ಮಾತಿನ ಮಲ್ಲಿ, ಬಾಯಿಗೆ ಬೀಗ ಬಿತ್ತಾ?" ಅಂದೆ. ಬೆಚ್ಚಗಿನ ಎಣ್ಣೆ ಹಚ್ಚಿದರೆ ಅದು ಕೆನ್ನೆಯ ಮೇಲೇ ಮೇಣದಂತೆ ಹೆಪ್ಪುಗಟ್ಟಿತು. ಒರೆಸಿದೆ, ಮತ್ತೆ ಒರೆಸಿದೆ. ಬಟ್ಟೆ ಬಿಳಿಯಾಗಿಯೇ ಇತ್ತು, ಮುಖ ಬೂದಾಗಿಯೇ ಇತ್ತು.

ಎಣ್ಣೆ ಬಿಸಿ ಮಾಡೋಣವೆಂದು ತಿರುಗಿದೆ. ಬಾಗಿಲಲ್ಲಿ ಮಗಳು ನಿಂತಿದ್ದಳು, ಮುಖ ತೊಳೆದಿಟ್ಟ ತಟ್ಟೆಯ ಹಾಗೆ ಸ್ವಚ್ಛ.

"ಅಮ್ಮಾ, ಇನ್ನೂ ಎಷ್ಟೊತ್ತು? ಹೊಟ್ಟೆ ಹಸೀತಿದೆ."

ಕುರ್ಚಿ ನೋಡಿದೆ. ಖಾಲಿ.

"ನಿನ್ನ ಬಣ್ಣ ಯಾರೇ ತೆಗೆದಿದ್ದು?"

"ನೀನೇ ತಾನೇ, ಹಿಂದುಗಡೆ ರೂಮಲ್ಲಿ! ಕೈ ಯಾಕಮ್ಮ ಅಷ್ಟು ತಣ್ಣಗಿತ್ತು? ಕಣ್ಣಿಗೆ ಊದಿದೆ ನಿಜ, ಆದ್ರೆ ಗಾಳೀನೇ ಬರ್ಲಿಲ್ಲ."

ಕುರ್ಚಿಯಲ್ಲಿ ಯಾರ ಮುಖ ಒರೆಸುತ್ತಿದ್ದೆನೋ ಇವತ್ತಿಗೂ ಗೊತ್ತಿಲ್ಲ. ಆ ಹಿಂದುಗಡೆಯ ರೂಮಿಗಂತೂ ನಾನು ಕಾಲೇ ಇಟ್ಟಿರಲಿಲ್ಲ. ಮಗಳಿಗೆ ಕೊಟ್ಟ ಮಾತು ಆ ಸಂಜೆ ತಪ್ಪಿತು.