ಗಿಡ್ಡ ಜಟ್ಟಿಗ ಮತ್ತು ಮೂರನೆಯ ಗಂಟೆ

ಬಲು ಹಿಂದೆ, ಏಳು ಬೆಟ್ಟಗಳ ಆಚೆ, ನೀಲಾವತಿ ಎಂಬ ರಾಜ್ಯವಿತ್ತು. ಅಲ್ಲಿ ಮಳೆಬೆಳೆಗೆ ಕೊರತೆಯಿರಲಿಲ್ಲ. ಒಂದು ವಿಚಿತ್ರ ಮಾತ್ರ ಇತ್ತು. ಅಲ್ಲಿ ಯಾರೂ ಯಾರ ವಯಸ್ಸನ್ನೂ ಕೇಳುವಂತಿರಲಿಲ್ಲ. ಕೇಳಿದವರ ಆಯುಷ್ಯ ಕರಗಿಹೋಗುತ್ತದೆ ಎಂಬ ಭಯ ತಲೆತಲಾಂತರದಿಂದ ಬಂದಿತ್ತು. ತಾಯಂದಿರು ಮಕ್ಕಳ ಕಿವಿಯಲ್ಲಷ್ಟೇ ಅವರ ವಯಸ್ಸನ್ನು ಪಿಸುಗುಟ್ಟಿ ಸುಮ್ಮನಾಗುತ್ತಿದ್ದರು.

ಹಾಗಾದರೆ ಚಿಕ್ಕವರು ಯಾರು, ದೊಡ್ಡವರು ಯಾರು ಎಂದು ತಿಳಿಯುವುದು ಹೇಗೆ? ಅದಕ್ಕೆಂದೇ ಅರಮನೆಯ ಹೆಬ್ಬಾಗಿಲಲ್ಲಿ ಮೂರು ಗಂಟೆಗಳನ್ನು ಮೂರು ಎತ್ತರದಲ್ಲಿ ತೂಗುಹಾಕಿದ್ದರು. ಬರಿಗಾಲಲ್ಲಿ ನಿಂತಾಗ ಮೊದಲ ಗಂಟೆಗೆ ತಲೆ ತಾಗಿದರೆ ರಾಜನ ಮುಂದೆ ಮಾತಾಡುವ ಹಕ್ಕು ಬರುತ್ತಿತ್ತು. ಆಮೇಲೆ ಸುಳ್ಳು ಹೇಳುವಂತಿಲ್ಲ. ಎರಡನೆಯದಕ್ಕೆ ತಾಗಿದರೆ ದುಡಿದು ಕೂಲಿ ಪಡೆಯುವ ಹಕ್ಕು. ಏನಾದರೂ ಹಾಳುಮಾಡಿದರೆ ತಾನೇ ಹೊಣೆ. ಮೂರನೆಯದಕ್ಕೆ ತಾಗಿತೆಂದರೆ ಮನೆ, ಮಗ್ಗ, ಮದುವೆ ಎಲ್ಲವೂ ಅವರವರ ಇಷ್ಟ. ಆದರೆ ಕೊಟ್ಟ ಮಾತಿನಿಂದ ಯಾರೂ ಅವರನ್ನು ಬಿಡಿಸುವಂತಿರಲಿಲ್ಲ. ಕೇಳಲು ಚೆನ್ನಾಗಿಯೇ ಇದೆ. ಪಾಪ, ಗಂಟೆಗೆ ತಿಳಿಯುವುದು ತಲೆ ಎಲ್ಲಿದೆ ಎಂಬುದಷ್ಟೇ, ತಲೆಯೊಳಗೆ ಏನಿದೆ ಎಂಬುದಲ್ಲ.

ಆ ಊರಲ್ಲಿ ಜಟ್ಟಿಗ ಎಂಬ ನೇಕಾರನಿದ್ದ. ಹೆಸರು ಜಟ್ಟಿಗ, ಆಳು ನೋಡಿದರೆ ಮೊಳದುದ್ದ. ಮೀಸೆ ಬಂದು ಎಷ್ಟೋ ಕಾಲವಾಗಿದ್ದರೂ ಅವನ ತಲೆ ಮೂರನೆಯ ಗಂಟೆಗೆ ತಾಗಿರಲಿಲ್ಲ. ಹಾಗಾಗಿ ತೀರಿಹೋದ ಅಪ್ಪನ ಮಗ್ಗ ಚಿಕ್ಕಪ್ಪನ ವಶದಲ್ಲಿತ್ತು. ತನ್ನದೇ ಮಗ್ಗದಲ್ಲಿ ಜಟ್ಟಿಗ ಕೂಲಿಗೆ ನೇಯುತ್ತಿದ್ದ. ತನ್ನವರು ಎಂದು ಅವನಿಗಿದ್ದದ್ದು ಪುಟ್ಟ ತಂಗಿ ಸಂಪಿ ಒಬ್ಬಳೇ.

ಒಂದು ದಿನ ಧೂಮಕೇಶನೆಂಬ ಮಾಂತ್ರಿಕ ಹಣ್ಣು ಮಾರುವವನ ವೇಷದಲ್ಲಿ ಬಂದು ಸಂಪಿಗೆ ಒಂದು ಸೀಬೆಹಣ್ಣು ಕೊಟ್ಟ. ಬೆಳಗಾಗುವಷ್ಟರಲ್ಲಿ ಸಂಪಿಯ ತಲೆ ಮನೆಯ ಬಾಗಿಲ ಮೇಲ್ಪಟ್ಟಿಗೆ ತಗಲುತ್ತಿತ್ತು. ಕಂಕುಳಲ್ಲಿ ಬಟ್ಟೆಯ ಗೊಂಬೆ ಮಾತ್ರ ಹಾಗೆಯೇ ಇತ್ತು.

ಜಟ್ಟಿಗ ಹೆದರಬೇಕಿತ್ತು. ಹೆದರಲಿಲ್ಲ. ಅವನ ಕಣ್ಣ ಮುಂದೆ ಬಂದದ್ದು ಮಗ್ಗ. "ನಡಿಯೇ ಸಂಪಿ, ನೀನು ಗಂಟೆ ಬಾರಿಸಿದ್ರೆ ಮಗ್ಗ ನಮ್ಮ ಕೈಗೆ ಬರುತ್ತೆ" ಎಂದು ಅವಳ ಕೈಹಿಡಿದು ಹೆಬ್ಬಾಗಿಲಿಗೆ ಕರೆದೊಯ್ದ. ಮೂರನೆಯ ಗಂಟೆ ಢಣ್ ಎಂದಿತು. ಜಟ್ಟಿಗ ಕುಣಿದಾಡಿದ.

ಗಂಟೆಯ ಸದ್ದು ಅಡಗುವ ಮೊದಲೇ ಧೂಮಕೇಶ ಎದುರಿಗೆ ನಿಂತಿದ್ದ. "ನನ್ನ ಬೆಟ್ಟದಲ್ಲಿ ಉಯ್ಯಾಲೆ ಇದೆ ತಾಯಿ. ದಿನಾ ಹೋಳಿಗೆ. ನನ್ನಲ್ಲೇ ಇದ್ದುಬಿಡ್ತೀಯಾ?"

"ಹೂಂ!" ಎಂದಳು ಸಂಪಿ. ಒಂದು ಮುದ್ದೆ ಹೊಗೆ ಎದ್ದಿತು. ಅವಳೂ ಇಲ್ಲ, ಅವನೂ ಇಲ್ಲ.

ಜಟ್ಟಿಗ ಎದ್ದೆನೋ ಬಿದ್ದೆನೋ ಎಂದು ರಾಜನ ಬಳಿಗೆ ಓಡಿದ. ಮುದಿ ರಾಜ ಒಳ್ಳೆಯವನೇ. ಅವನ ಕಣ್ಣಲ್ಲೂ ನೀರು ಬಂತು. "ಏನು ಮಾಡಲಪ್ಪ? ಗಂಟೆ ಬಾರಿಸಿತು, ಅವಳು ಒಪ್ಪಿದಳು. ಅವಳ ಪರವಾಗಿ ನಿಲ್ಲು ಅನ್ನೋಣ ಅಂದ್ರೆ ನೀನೇ ಇನ್ನೂ ಚಿಕ್ಕವನು" ಎಂದ. ಮೀಸೆಯ ಮೇಲೆ ಕಣ್ಣೀರು ಸುರಿಸುತ್ತ ನಿಂತವನನ್ನು ಚಿಕ್ಕವನು ಎಂದರೆ ಏನು ಹೇಳುವುದು! ಜಟ್ಟಿಗ ಕಣ್ಣೊರೆಸಿಕೊಂಡು ಧೂಮಕೇಶನ ಬೆಟ್ಟದ ದಾರಿ ಹಿಡಿದ.

ಬೆಟ್ಟಕ್ಕೆ ಮೂರು ಬಾಗಿಲು. ಮೊದಲನೆಯದರಲ್ಲಿ ನೀಲಿ ಹುಲಿ ಮಲಗಿತ್ತು. "ನಿನ್ನ ತಂಗಿಯನ್ನು ಇಲ್ಲಿಗೆ ಕಳಿಸಿದ್ದು ಯಾರು? ಸುಳ್ಳು ಹೇಳಿದ್ರೆ ನುಂಗ್ತೀನಿ" ಎಂದಿತು.

ಮಾಂತ್ರಿಕ ಎನ್ನಲು ಜಟ್ಟಿಗನ ಬಾಯಿ ತೆರೆಯಿತು. ಆದರೆ ಅದು ಅರ್ಧ ನಿಜ ಎಂದು ಅವನಿಗೇ ಗೊತ್ತಿತ್ತು. "ನಾನೇ. ಮಗ್ಗದ ಆಸೆಗೆ ನಾನೇ ಅವಳನ್ನು ಗಂಟೆಯ ಕೆಳಗೆ ನಿಲ್ಲಿಸಿದೆ. ಅವಳ ಕಂಕುಳಲ್ಲಿ ಗೊಂಬೆ ಇತ್ತು, ನೋಡಿಯೂ ನೋಡದ ಹಾಗಿದ್ದೆ" ಎಂದು ಬಿಕ್ಕಿದ. ಹುಲಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.

ಎರಡನೆಯ ಬಾಗಿಲಿಗೆ ಜೇಡರಬಲೆ ಕಟ್ಟಿತ್ತು. ಅವಸರದಲ್ಲಿದ್ದ ಜಟ್ಟಿಗ ಚೂರಿಯಿಂದ ಪರಪರನೆ ಹರಿದ. ಮೂಲೆಯಲ್ಲಿ ಆನೆಯಷ್ಟು ದೊಡ್ಡ ಜೇಡ ಕೂತಿತ್ತು. ಅದು ಮೈಮೇಲೆ ಬೀಳಲಿಲ್ಲ, ಅಳತೊಡಗಿತು. "ಎಷ್ಟು ದಿನದ ನೇಯ್ಗೆ ಗೊತ್ತಾ?"

ಬಾಗಿಲು ತೆರೆದೇ ಇತ್ತು. ಒಳಗಿಂದ ಸಂಪಿಯ ಅಳು ಕೇಳಿಸುತ್ತಿತ್ತು. ಓಡಿಬಿಡೋಣ ಎಂದು ಕಾಲು ತುಡಿಯಿತು. ಆದರೆ ನೇಯ್ಗೆಯ ಕಷ್ಟ ನೇಕಾರನಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು? "ಹರಿದದ್ದು ನಾನು, ಕಟ್ಟಿಕೊಡೋದೂ ನಾನೇ" ಎಂದು ಕೂತು ಎಳೆಗೆ ಎಳೆ ಸೇರಿಸಿದ. ಕೊನೆಯ ಎಳೆ ಸೇರಿದಾಗ ಜೇಡ ತಾನಾಗಿ ಬಲೆಯನ್ನು ಪರದೆಯಂತೆ ಎತ್ತಿ ಹಿಡಿಯಿತು.

ಮೂರನೆಯ ಬಾಗಿಲಾಚೆ ದೊಡ್ಡ ಗುಹೆ. ಅಲ್ಲಿ ಎತ್ತರದ ಹೆಂಗಸರು, ಗಂಡಸರು ಸಾಲಾಗಿ ಕೂತು ಹೊಗೆಯನ್ನು ನೂಲುತ್ತಿದ್ದರು. ಒಬ್ಬ ದಾಂಡಿಗ ಹೆಬ್ಬೆರಳು ಚೀಪುತ್ತಿದ್ದ. ಇನ್ನೊಬ್ಬಳು ಅಮ್ಮನ ಹೆಸರು ಹಿಡಿದು ಕೂಗುತ್ತಿದ್ದಳು. ಎಲ್ಲರೂ ಎಳೆಯ ಮಕ್ಕಳು! ಧೂಮಕೇಶ ತನ್ನ ಮುದಿತನದ ವರ್ಷಗಳನ್ನು ಹಣ್ಣಿನಲ್ಲಿ ತುಂಬಿ ಅವರಿಗೆ ತಿನ್ನಿಸಿ, ತಾನು ಹರೆಯದವನಾಗಿ ಮೆರೆಯುತ್ತಿದ್ದ. ಸಂಪಿ ಅಣ್ಣನನ್ನು ಕಂಡವಳೇ ಎದ್ದು ಬಂದಳು. ಅವಳ ಬೆರಳುಗಳು ಸುಲಿದುಹೋಗಿದ್ದವು.

ಧೂಮಕೇಶ ನಕ್ಕ. "ಬಾರೋ ಗಿಡ್ಡ. ಈ ಹಣ್ಣು ತಿನ್ನು, ನೀನೂ ಎತ್ತರ ಆಗ್ತೀಯ. ಮಗ್ಗ ನಿಂದೇ. ತಂಗಿಯನ್ನು ಮರೆತು ಹೋಗು."

"ನನಗೆ ಬೇಡ. ಮಾತು ಕೊಡೋ ವಯಸ್ಸೇ ಆಗದವಳ ಒಪ್ಪಿಗೆ ಒಪ್ಪಿಗೆಯೇ ಅಲ್ಲ."

"ವಯಸ್ಸು ಆಗಿಲ್ಲ ಅನ್ನೋಕೆ ಸಾಕ್ಷಿ ಏನು? ಗಂಟೆ ಢಣ್ ಅಂದಿದೆ. ವಯಸ್ಸು ಕೇಳ್ತೀಯಾ? ಕೇಳು ನೋಡೋಣ!"

ಛಾವಣಿಯಿಂದ ಬಿಳಿಯ ಸರ್ಪ ಇಳಿದು ಜಟ್ಟಿಗನ ಕೊರಳ ಬಳಿ ಹೆಡೆಯೆತ್ತಿತು. "ಕೇಳಿದವರ ಆಯುಷ್ಯ ಕರಗುತ್ತೆ ಅಂತ ಕೇಳಿದ್ದೀಯಲ್ಲ. ಕೇಳೋದಾದ್ರೆ ಅದರ ಫಲ ನಿನ್ನೊಬ್ಬನ ತಲೆಗೆ. ರಾಜನೂ ಇಲ್ಲ, ಚಿಕ್ಕಪ್ಪನೂ ಇಲ್ಲ" ಎಂದಿತು.

ಜಟ್ಟಿಗನಿಗೂ ಬದುಕುವ ಆಸೆಯಿತ್ತು. ಆದರೂ ಸಂಪಿಯ ಸುಲಿದ ಬೆರಳುಗಳನ್ನು ಹಿಡಿದುಕೊಂಡು, "ನನ್ನ ತಲೆಗೇ ಇರಲಿ" ಎಂದ. ಆಮೇಲೆ ಆ ರಾಜ್ಯದಲ್ಲಿ ಯಾರೂ ಕೇಳದ್ದನ್ನು ಕೇಳಿದ. "ನಿಂಗೆ ಎಷ್ಟು ವರ್ಷ, ಪುಟ್ಟಿ?"

"ಹನ್ನೊಂದು, ಅಣ್ಣಾ."

ಹೇಳಿದ್ದೇ ತಡ, ಸಂಪಿ ಸರ್ರನೆ ಇಳಿದು ತನ್ನ ಅಳತೆಗೆ ಬಂದಳು. ಜಟ್ಟಿಗನ ಆಯುಷ್ಯವೇನೂ ಕರಗಲಿಲ್ಲ. ಸರ್ಪ ಕಚ್ಚಲಿಲ್ಲ, ಹೆಡೆ ತಗ್ಗಿಸಿ ನೆಲದ ಮೇಲೆ ಸುರುಳಿ ಸುತ್ತಿತು. "ನಂಗೆ ಒಂಬತ್ತು!" "ನಂಗೆ ಹನ್ನೆರಡು!" ಎಂದು ಮಕ್ಕಳೆಲ್ಲ ಒಟ್ಟಿಗೆ ಕೂಗಿದರು. ಒಂದೊಂದು ಕೂಗಿಗೂ ಧೂಮಕೇಶನ ವರ್ಷಗಳು ಅವನಿಗೇ ಮರಳಿದವು. ಕೂದಲು ನೆರೆಯಿತು, ಹಲ್ಲು ಉದುರಿತು, ಬೆನ್ನು ಬಾಗಿತು. ಕೊನೆಗೆ ಒಂದು ಹಿಡಿ ಬೂದಿ ಉಳಿಯಿತು. ಅದೂ ಗಾಳಿಗೆ ಹೋಯಿತು.

ಮಕ್ಕಳ ಹಿಂಡಿನೊಂದಿಗೆ ಬಂದ ಜಟ್ಟಿಗನನ್ನು ಕಂಡು ರಾಜ ಸಿಂಹಾಸನದಿಂದ ಇಳಿದ. ಕಾನೂನು ತಪ್ಪಾಗಿತ್ತೆಂದು ಎಲ್ಲರೆದುರು ಒಪ್ಪಿಕೊಂಡು ಗಂಟೆಗಳನ್ನು ಇಳಿಸಿಹಾಕಿಸಿದ. ಜಟ್ಟಿಗನ ವಯಸ್ಸು ಕೇಳಿ, ಇಪ್ಪತ್ತೆರಡು ಎಂದು ತಿಳಿದು, ಮಗ್ಗ ಕೊಡಿಸಿದ. ಆಮೇಲೆ ಸಂಪಿಯ ಮುಂದೆ ಮಂಡಿಯೂರಿ, "ಅವತ್ತು ನಿನ್ನನ್ನು ನಾವ್ಯಾರೂ ಕೇಳಲಿಲ್ಲ. ಈಗ ಹೇಳು ಮಗು, ಕಾನೂನು ಹೇಗಿರಬೇಕು?" ಎಂದ.

ಸಂಪಿ ಗೊಂಬೆಯನ್ನು ಕಂಕುಳಲ್ಲಿ ಸರಿಮಾಡಿಕೊಂಡು ಯೋಚಿಸಿದಳು. "ನನ್ನ ವಿಷಯ ಏನಿದ್ರೂ ಈಗ್ಲೂ ನನ್ನನ್ನು ಕೇಳಿ. ಆದ್ರೆ ನಾನು ಹೂಂ ಅಂದ್ರೆ ಅಣ್ಣನನ್ನೂ ಕೇಳಿ. ಹದಿನೆಂಟು ಆದ್ಮೇಲೆ ಅಣ್ಣನನ್ನು ಕೇಳಬೇಡಿ. ಆಮೇಲೆ ತಪ್ಪು ಮಾಡಿದ್ರೂ ಅಣ್ಣನನ್ನು ಬೈಬೇಡಿ."

ಸಭೆಯೆಲ್ಲ ನಕ್ಕಿತು. ರಾಜ ನಗಲಿಲ್ಲ. ಅದನ್ನೇ ಕಾನೂನು ಮಾಡಿ ಡಂಗುರ ಸಾರಿಸಿದ.

ವರ್ಷಗಳು ಉರುಳಿ ಸಂಪಿಗೆ ಹದಿನೆಂಟು ತುಂಬಿತು. ಅಂದು ಬೆಳಿಗ್ಗೆಯೇ ಅವಳು, "ಅಣ್ಣಾ, ನಾನು ಹಡಗು ಹತ್ತಿ ಸಮುದ್ರದಾಚೆಯ ದೇಶ ನೋಡಿಬರ್ತೀನಿ" ಎಂದಳು. ಜಟ್ಟಿಗನ ಜೀವ ಬಾಯಿಗೆ ಬಂತು. ಬೇಡ ಎನ್ನಲು ನೂರು ಕಾರಣಗಳು ನಾಲಿಗೆಯ ತುದಿಯಲ್ಲಿದ್ದವು. ಆದರೆ ಅವನು ಒಳಗೆ ಹೋಗಿ ಬೆನ್ನು ತಿರುಗಿಸಿ ನಿಂತು, ಎರಡು ಹೊತ್ತಿಗಾಗುವಷ್ಟು ಬುತ್ತಿ ಕಟ್ಟಿದ.

ಸಂಪಿ ಹೋದಳು, ಕಡಲು ಕಂಡಳು, ನಗುನಗುತ್ತ ಮರಳಿದಳು. ನೀಲಾವತಿಯ ಮಕ್ಕಳು ಮಕ್ಕಳಾಗಿ, ದೊಡ್ಡವರು ದೊಡ್ಡವರಾಗಿ, ಎಲ್ಲರೂ ಬಹುಕಾಲ ಸುಖವಾಗಿ ಬಾಳಿದರು.