ಖಾಲಿ ಸಭಾಂಗಣದ ನಗು

ನಮ್ಮ ತಂಡದ ಹಳೇ ಹಾಸ್ಯನಾಟಕದಲ್ಲಿ ನಾನು ಸೊಸೆ. ಮಾವನ ಪಾತ್ರ, ನಾವೆಲ್ಲ ಚಿಕ್ಕಪ್ಪ ಎನ್ನುತ್ತಿದ್ದ ಹಿರಿಯ ನಟರದು. “ನಿನ್ನ ಮಾತಿಗೆ ನಾಯೀನೂ ನಗಲ್ಲ, ಹೋಗಯ್ಯ!” ಎಂದು ನಿರ್ದೇಶಕರು ಎಲ್ಲರೆದುರೇ ಅವರನ್ನು ಓಡಿಸಿ, ಆ ಪಾತ್ರವನ್ನು ತಾವೇ ವಹಿಸಿಕೊಂಡರು. ವಾರದೊಳಗೆ ಚಿಕ್ಕಪ್ಪ ತೀರಿಕೊಂಡರು.

ಮರುದಿನ ತಾಲೀಮು. ನಿರ್ದೇಶಕರು ಬಾಯಿ ತೆರೆದದ್ದೇ ತಡ, ಖಾಲಿ ಕುರ್ಚಿಗಳ ನಡುವೆ ಯಾರೋ ಬಿದ್ದುಬಿದ್ದು ನಕ್ಕರು. ನಗುವಿನ ಕೊನೆಗೆ ಕೆಮ್ಮು; ಅದು ಚಿಕ್ಕಪ್ಪನದೇ.

“ಯಾರ್ರೀ ಅದು?”

ಅದಕ್ಕೂ ನಗು, ಈ ಸಲ ರಂಗದ ಮೇಲೆಯೇ. ನನ್ನ ಕುತ್ತಿಗೆಗೆ ತಣ್ಣನೆಯ ಉಸಿರು ತಾಗಿತು.

ನಾಟಕ ನಿಂತಿತು, ನಗು ನಿಲ್ಲಲಿಲ್ಲ; ನಿರ್ದೇಶಕರು ಎಲ್ಲಿ ಏನು ಮಾತಾಡಿದರೂ ಅದು ಕೇಳಿಸುತ್ತಿತ್ತು. ನಿನ್ನೆ ಆಸ್ಪತ್ರೆಯಿಂದ ನಿರ್ದೇಶಕರ ಫೋನು: “ನನ್ನ ಹೆಂಡ್ತಿ ಹೋಗ್ಬಿಟ್ಳಮ್ಮ.”

ಅಡುಗೆಮನೆಯಲ್ಲಿ ನಾನೊಬ್ಬಳೇ ಇದ್ದೆ. ನಗು ಕೇಳಿಸಿದ್ದು ಫೋನಿನಿಂದಲ್ಲ, ನನ್ನ ಬೆನ್ನ ಹಿಂದಿನಿಂದ. ಅವರಿಗೂ ಕೇಳಿಸಿತು.

“ನೀನೂ ನಗ್ತೀಯೇನಮ್ಮ?” ಎಂದು ಫೋನಿಟ್ಟರು.