ಮೊದಲ ಹಳಿ ಕಳವು ಪ್ರಕರಣ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಗೆ ಬಂದ ದೂರನ್ನು ಓದಿ ದಫೇದಾರ ನಕ್ಕೇಬಿಟ್ಟ. ಹಳೇ ರೈಲು ನಿಲ್ದಾಣವನ್ನು ವಸ್ತುಸಂಗ್ರಹಾಲಯ ಮಾಡಿದ್ದರಷ್ಟೆ. ಅದರ ಅಂಗಳದಿಂದ ಆಳೆತ್ತರದ ಒಂದು ತುಂಡು ಹಳಿ ಕಳುವಾಗಿತ್ತು. ದೂರು ತಂದ ಕ್ಯುರೇಟರ್‌ನ ಅಂಗಿಯ ಇಸ್ತ್ರಿ ಮುರಿದಿರಲಿಲ್ಲ, ಮುಖ ಮಾತ್ರ ಮನೆಗೆ ಬೆಂಕಿ ಬಿದ್ದವನ ಹಾಗಿತ್ತು.

"ಗುಜರಿ ಕೇಸು ಸಾರ್," ಎಂದ ದಫೇದಾರ.

"ಗುಜರಿ ಅಲ್ಲ ರೀ, ಇತಿಹಾಸ!" ಕ್ಯುರೇಟರ್ ಕುರ್ಚಿಯಿಂದ ಎದ್ದ. "ಈ ದೇಶದಲ್ಲಿ ಹಾಕಿದ ಮೊಟ್ಟಮೊದಲ ಹಳಿಗಳಲ್ಲಿ ಅದೂ ಒಂದು. ಗುರುವಾರ ಮಂತ್ರಿಗಳು ಉದ್ಘಾಟನೆಗೆ ಬರ್ತಾರೆ. ಬಂದು ಏನು ನೋಡ್ಬೇಕು, ನನ್ನ ಮುಖಾನಾ?"

ಇನ್‌ಸ್ಪೆಕ್ಟರ್ ನಗಲಿಲ್ಲ. ದೂರು ಬರುವುದಕ್ಕೆ ಮೊದಲೇ ಅವನಿಗೆ ಮೇಲಿನವರ ಫೋನು ಬಂದಾಗಿತ್ತು. ಎಫ್‌ಐಆರ್ ದಾಖಲಿಸಿ ಅಂತ ಹೇಳಿ, ಪಂಚರನ್ನು ಕರೆದುಕೊಂಡು ಸ್ಥಳಕ್ಕೆ ಹೊರಟ.

ಸಂಗ್ರಹಾಲಯದ ಗೋಡೆ ತುಂಬ ದೊಡ್ಡ ದೊಡ್ಡ ಫೋಟೋಗಳು. ಪರದೇಶದ ಕಂಪನಿ ಹಡಗಿನಲ್ಲಿ ಕಬ್ಬಿಣ ತಂದಿದ್ದು, ಗುಡ್ಡ ಕಡಿದಿದ್ದು, ಹತ್ತಿಯನ್ನು ಬಂದರಿಗೂ ಸೈನ್ಯವನ್ನು ಗಡಿಗೂ ಸಾಗಿಸಿದ್ದು, ಕೊನೆಗೆ ಆಳುವವರು ಗಂಟುಮೂಟೆ ಕಟ್ಟಿದ ಮೇಲೆ ಅದೇ ದಾರಿ ದೇಶದ ರೈಲ್ವೆ ಆಗಿದ್ದು. ಪ್ರತಿಯೊಂದು ಚಿತ್ರದಲ್ಲೂ ಮೀಸೆಯ ದೊರೆಗಳು ನಡುವೆ ನಿಂತಿದ್ದರು. ಅಂಚಿನಲ್ಲಿದ್ದ ಕೂಲಿಗಳ ಮುಖ ಮಾತ್ರ ಕಲಸಿಹೋಗಿತ್ತು.

"ಇವರದ್ದು ಯಾಕೆ ಹೀಗೆ?" ಇನ್‌ಸ್ಪೆಕ್ಟರ್ ಕೇಳಿದ.

"ಆ ಕಾಲದ ಕ್ಯಾಮೆರಾ ಸಾರ್. ಅಲ್ಲಾಡದೆ ನಿಲ್ಲಬೇಕಿತ್ತು. ದೊರೆಗಳು ನಿಂತಿದ್ರು. ಇವರು ಕೆಲಸ ಮಾಡ್ತಾ ಇದ್ರು."

ಕ್ಯುರೇಟರ್ ಅದನ್ನು ಎಷ್ಟು ಸಲೀಸಾಗಿ ಹೇಳಿದನೆಂದರೆ, ತಾನು ಹೇಳಿದ್ದು ಏನೆಂದು ಅವನಿಗೇ ಗೊತ್ತಾದ ಹಾಗೆ ಕಾಣಲಿಲ್ಲ.

ಅಂಗಳದಲ್ಲಿ ಪ್ರದರ್ಶನಕ್ಕೆಂದು ಹಾಸಿ, ಹೊಸದಾಗಿ ಕಪ್ಪು ಬಣ್ಣ ಹೊಡೆದ ಪುಟ್ಟ ಹಳಿದಾರಿಯಿತ್ತು. ಅದರ ಎರಡು ತುದಿಗೂ ಗೋಡೆ. ನಡುವೆ ಒಂದು ತುಂಡು ಇರಲಿಲ್ಲ, ಹಲ್ಲು ಕಿತ್ತ ಬಾಯಂತೆ ಕಾಣುತ್ತಿತ್ತು. ಬಿಚ್ಚಿದ ಬೋಲ್ಟುಗಳನ್ನು ಗೋಣಿಯ ಮೇಲೆ ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದರು. ಆಚೆಗೊಂದು ಈಚೆಗೊಂದು ಕೋಲು ನೆಟ್ಟು, ಅವಕ್ಕೆ ಕೆಂಪು ಬಟ್ಟೆ ಕಟ್ಟಿದ್ದರು.

"ಕೆಂಪು ಬಾವುಟ! ಯಾವುದೋ ಪಕ್ಷದವರ ಕಿತಾಪತಿ," ಎಂದ ಕ್ಯುರೇಟರ್.

ದಫೇದಾರನೂ ತಲೆಯಾಡಿಸಿದ. ಇನ್‌ಸ್ಪೆಕ್ಟರ್‌ಗೆ ಅದು ಹಿಡಿಸಲಿಲ್ಲ. ಪಕ್ಷದವರಾಗಿದ್ದರೆ ಗೋಡೆಯ ಮೇಲೆ ನಾಲ್ಕು ಧಿಕ್ಕಾರ ಬರೆಯದೆ ಹೋಗುತ್ತಿದ್ದರೇ? ಗುಜರಿ ಕಳ್ಳನಾಗಿದ್ದರೆ ಬೋಲ್ಟು ಜೋಡಿಸಿಡುತ್ತಾ ಕೂರುತ್ತಿದ್ದನೇ? ಪಂಚನಾಮೆ ಮುಗಿಸಿ, ಕೋಲುಗಳನ್ನು ಜಪ್ತಿ ಮಾಡಿಕೊಂಡು, ಹನ್ನೆರಡರ ಹೊತ್ತಿಗೆ ರೈಲ್ವೆ ಎಂಜಿನಿಯರ್ ಕಚೇರಿಗೆ ಹೋದ.

ಎಂಜಿನಿಯರ್ ಕೋಲು ನೋಡಿ ಮೊದಲು ನಕ್ಕ, ಆಮೇಲೆ ಗಂಭೀರನಾದ.

"ಇದು ನಮ್ಮವನದೇ ಕೆಲಸ. ಹಳಿಗೆ ಕೈ ಹಚ್ಚೋ ಮುಂಚೆ ಎರಡೂ ಕಡೆ ಕೆಂಪು ನೆಡಬೇಕು ಸಾರ್. ಬರೋ ಗಾಡಿ ನಿಲ್ಲಲಿ ಅಂತ."

"ಅಲ್ಲಿ ಗಾಡಿ ಎಲ್ಲಿಂದ ಬರುತ್ತೆ? ಎರಡೂ ಕಡೆ ಗೋಡೆ."

"ಗೋಡೆ ಇದೆ ಅಂತ ತಲೆಗೆ ಗೊತ್ತು. ಕೈಗೆ ಗೊತ್ತಾಗಬೇಕಲ್ಲ?"

"ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ. ಡ್ಯೂಟಿ ಗುಣವೂ ಹಾಗೇ ಅನ್ನಿ," ಎಂದ ದಫೇದಾರ.

ಹಳಿ ಕೆಲಸದವರು ನೂರಾರು ಜನ. ಯಾರನ್ನಂತ ಹಿಡಿಯುವುದು? ಇನ್‌ಸ್ಪೆಕ್ಟರ್ ಅಲ್ಲಿಂದಲೇ ಕ್ಯುರೇಟರ್‌ಗೆ ಫೋನು ಮಾಡಿದ.

"ಆ ಹಳಿ ನಿಮಗೆ ಎಲ್ಲಿ ಸಿಕ್ತು?"

"ಗುಡ್ಡ ಕಡಿದಿದ್ದಾರಲ್ಲ, ಆ ಕಣಿವೆ ಪಕ್ಕ. ನೆಲದಲ್ಲಿ ನೆಟ್ಟಗೆ ನಿಂತಿತ್ತು. ಹೇಳೋರು ಕೇಳೋರು ಇರಲಿಲ್ಲ. ಹೋದ ತಿಂಗಳು ಕೀಳಿಸಿ ತಂದೆ."

"ಮಲಗಬೇಕಾದ ಹಳಿ ಯಾಕೆ ನೆಟ್ಟಗೆ ನಿಂತಿತ್ತು?"

"ಅದನ್ನ ನಾನು ಕೇಳಲಿಲ್ಲ ಸಾರ್."

ಆ ಭಾಗದ ಹಳಿ ನೋಡಿಕೊಳ್ಳುವವನು ಯಾರು ಎಂದು ಇನ್‌ಸ್ಪೆಕ್ಟರ್ ಎಂಜಿನಿಯರ್‌ನತ್ತ ತಿರುಗಿದ. ಒಬ್ಬ ಮೇಸ್ತ್ರಿ, ಇವತ್ತು ರಜೆಯಲ್ಲಿದ್ದಾನೆ ಎಂದ ಎಂಜಿನಿಯರ್. ತಾಯಿಯನ್ನು ಗುಡ್ಡದ ಹತ್ತಿರ ಕರೆದುಕೊಂಡು ಹೋಗಬೇಕು, ವರ್ಷಕ್ಕೊಮ್ಮೆ ಹೋಗುತ್ತಾರೆ ಅಂದಿದ್ದನಂತೆ.

ಮೂರು ಗಂಟೆಗೆ ಜೀಪು ಗುಡ್ಡ ಮುಟ್ಟಿತು. ಕಣಿವೆಯ ಅಂಚಿನ ದಿಬ್ಬದ ಮೇಲೆ, ಹಸಿ ಮಣ್ಣಿನಲ್ಲಿ, ಕಪ್ಪು ಬಣ್ಣದಿಂದ ಮಿರಮಿರ ಮಿಂಚುವ ಹಳಿ ನೆಟ್ಟಗೆ ನಿಂತಿತ್ತು. ಅದರ ಬುಡದಲ್ಲಿ ಕಣ್ಣು ಕಾಣದ ಮುದುಕಿಯೊಬ್ಬಳು ಕೂತಿದ್ದಳು. ಪಕ್ಕದಲ್ಲಿ ಸೊಸೆ ನೀರಿನ ಬಾಟಲಿ ಹಿಡಿದಿದ್ದಳು. ಮೇಸ್ತ್ರಿ ಪೊಲೀಸರನ್ನು ಕಂಡು ಓಡಲಿಲ್ಲ. ತಾನೇ ಇಳಿದು ಬಂದು, ಮೆಲ್ಲಗೆ ಮಾತಾಡಿ ಎಂದು ಕೈಸನ್ನೆ ಮಾಡಿದ.

"ಹಳಿ ತೆಗೆದಿದ್ದು ನೀನೇನಾ?"

"ನಾನೇ ಸಾರ್."

"ಜೊತೆಗೆ ಯಾರು?"

"ಯಾರೂ ಇಲ್ಲ. ತಳ್ಳುಗಾಡಿಯಲ್ಲಿ ತಂದೆ."

"ಯಾಕೆ?"

ಮೇಸ್ತ್ರಿ ಹಿಂದೆ ತಿರುಗಿ ತಾಯಿಯನ್ನು ನೋಡಿದ. "ಅಮ್ಮನ ಅಜ್ಜಿ ಇದ್ಲಲ್ಲ, ಅವಳ ಅಪ್ಪ ಇಲ್ಲೇ ಮಲಗಿರೋದು. ಈ ಗುಡ್ಡ ಕಡಿಯೋವಾಗ ಜ್ವರ ಬಂದು ಜನ ಬಿದ್ದ ಬಿದ್ದಲ್ಲೇ ಸತ್ತರಂತೆ. ಕಂಪನಿ ಒಂದು ಕಲ್ಲೂ ಕೊಡಲಿಲ್ಲ. ಜೊತೆಯವರೇ ಒಂದು ತುಂಡು ಹಳಿ ನೆಟ್ಟು, ಸತ್ತೋರಿಗೆಲ್ಲ ಸೇರಿ ಇದೇ ಗುರುತು ಅಂದ್ರಂತೆ."

"ಅರ್ಜಿ ಕೊಡಬಹುದಿತ್ತು."

"ತಾಲೂಕು ಕಚೇರಿಗೆ ಕೊಟ್ಟೆ. ಹೂತಿದ್ದಕ್ಕೆ ದಾಖಲೆ ತಾ ಅಂದ್ರು. ಸತ್ತವರ ಹೆಸರನ್ನ ಕಂಪನಿ ಬರೆದೇ ಇಡಲಿಲ್ಲ, ನಾನೆಲ್ಲಿಂದ ತರ್ಲಿ?" ಅವನು ಮತ್ತೆ ದಿಬ್ಬದ ಕಡೆ ನೋಡಿ ದನಿ ತಗ್ಗಿಸಿದ. "ಸಂಗ್ರಹಾಲಯದವರು ಇದನ್ನ ಕಿತ್ತಿದ್ದು ಅಮ್ಮನಿಗೆ ಗೊತ್ತಿಲ್ಲ ಸಾರ್. ಇದೇ ನಾನು ಬರೋ ಕೊನೇ ಸಲ ಅಂತ ಅವಳೇ ಹೇಳಿದ್ಲು. ಬಂದು ತಡಕಾಡಿ ಬರೀ ಮಣ್ಣು ಸಿಕ್ಕಿದ್ರೆ? ನನ್ನ ಏನು ಬೇಕಾದ್ರೂ ಮಾಡಿ. ಅವಳಿಗೆ ಮಾತ್ರ ಗೊತ್ತಾಗೋದು ಬೇಡ."

ಕಳ್ಳರ ಕಣ್ಣೀರು ನೋಡಿ ನೋಡಿ ಇನ್‌ಸ್ಪೆಕ್ಟರ್‌ನ ಮನಸ್ಸು ದಡ್ಡುಗಟ್ಟಿ ಬಹಳ ವರ್ಷಗಳಾಗಿದ್ದವು. ಆದರೂ ಈಗ ಅವನಿಗೆ ನಾಚಿಕೆಯಾಯಿತು. ತಪ್ಪು ತನ್ನದಲ್ಲ, ನಿಜ. ಗುರುವಾರದೊಳಗೆ ಈ ಹಳಿಯನ್ನು ಮತ್ತೆ ಕೀಳಬೇಕಾದವನು ಮಾತ್ರ ತಾನೇ. ಅವನು ದಿಬ್ಬ ಹತ್ತಿದ.

"ಯಾರಪ್ಪಾ ಬಂದಿರೋದು?" ಮುದುಕಿ ಕೇಳಿದಳು.

"ಇಲಾಖೆಯವರಮ್ಮ," ಎಂದ. ಯಾವ ಇಲಾಖೆ ಅಂತ ಹೇಳಲಿಲ್ಲ.

ಮುದುಕಿಯ ಮುಖ ಅರಳಿತು. ಹಳಿಯ ಮೈಯನ್ನು ಅಂಗೈಯಿಂದ ಸವರಿದಳು. "ಪ್ರತಿ ಸಲ ಕೈಗೆ ತುಕ್ಕು ಹತ್ತೋದು. ಈ ಸಲ ನುಣ್ಣಗಿದೆ. ಬಣ್ಣ ಹೊಡೆಸಿದೀರಾ?"

ದಫೇದಾರ ಬೇರೆ ಕಡೆ ಮುಖ ತಿರುಗಿಸಿಕೊಂಡ.

"ಹೌದಮ್ಮ, ಹೊಡೆಸಿದ್ದಾರೆ."

"ಇಷ್ಟು ಕಾಲಕ್ಕಾದ್ರೂ ನಮ್ಮೋರು ನೆನಪಾದ್ರಲ್ಲ," ಅಂದಳು ಮುದುಕಿ. "ನಮ್ಮಜ್ಜಿ ಇರಬೇಕಿತ್ತು ಕಣಪ್ಪಾ."

ನಾಲ್ಕೂಕಾಲಿಗೆ ದಸ್ತಗಿರಿ ನಡೆಯಿತು. ಮೇಸ್ತ್ರಿ ಎರಡೂ ಕೈ ಮುಂದೆ ಚಾಚಿದ. ಇನ್‌ಸ್ಪೆಕ್ಟರ್ ಬೇಡವೆಂದು ತಲೆಯಲ್ಲಾಡಿಸಿ, ಜೀಪನ್ನು ಸದ್ದಿಲ್ಲದೆ ಕೆಳಗಿನ ತಿರುವಿಗೆ ತಳ್ಳಿಸಿದ. ಮುದುಕಿ ಮನೆ ಸೇರುವತನಕ ಹಳಿಯನ್ನು ಯಾರೂ ಮುಟ್ಟಕೂಡದು ಎಂದು ದಫೇದಾರನಿಗೆ ಹೇಳಿದ. ಸೊಸೆಗೆ ಎಲ್ಲವೂ ತಿಳಿದುಹೋಗಿತ್ತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು.

ಇಳಿದು ಹೋಗುವ ಹೆಜ್ಜೆ ಸದ್ದು ಮುದುಕಿಗೆ ಕೇಳಿಸಿತು.

"ಮಗ ಎಲ್ಲಿಗೆ ಹೊರಟ?"

"ಇಲಾಖೆಯವರು ಕರೆದಿದ್ದಾರಮ್ಮ," ಎಂದ ಇನ್‌ಸ್ಪೆಕ್ಟರ್.

"ಹೋಗೋ ಮಗಾ, ಬೇಗ ಹೋಗು!" ಮುದುಕಿ ದಿಬ್ಬದ ಮೇಲಿಂದ ಕೂಗಿ ಹೇಳಿದಳು. "ನಮ್ಮೋರಿಗೆ ಇಷ್ಟು ಮರ್ಯಾದೆ ಮಾಡಿದ್ದಾರೆ. ಅವರು ಕರೆದಾಗ ಕಾಯಿಸಬಾರದು."